ನಾಲ್ಕನೇ ಬಿಪಿ ಮಾತ್ರೆಗೆ ಮೊದಲು ಗೊರಕೆ ಕೇಳಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ಮಾನ್ಯರೇ,

ಕುಮಟಾದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ನಾನು ಡಾಕ್ಟರಲ್ಲ, ಫಾರ್ಮಸಿ ಓದಿದವನು. ಆದರೆ ಊರಿನವರ ಬಿಪಿ ಎಲ್ಲಿಗೆ ಬಂದು ಮುಟ್ಟಿದೆ ಅನ್ನುವುದು ಕೌಂಟರಿನ ಹಿಂದೆ ನಿಂತವನಿಗೆ ಬೇಗ ಗೊತ್ತಾಗುತ್ತದೆ. ಮೊದಲು ಆಮ್ಲೋಡಿಪಿನ್ ಒಂದೇ ಒಯ್ಯುತ್ತಿದ್ದವರ ಚೀಟಿಯಲ್ಲಿ ಸ್ವಲ್ಪ ದಿನಕ್ಕೆ ಟೆಲ್ಮಿಸಾರ್ಟಾನ್ ಸೇರುತ್ತದೆ. ಆಮೇಲೆ ಕ್ಲೋರ್ಥಾಲಿಡೋನ್, ಅಂದರೆ ನೀರು ಹೋಗುವ ಮಾತ್ರೆ. ಮೂರನ್ನೂ ತಪ್ಪದೆ ನುಂಗುತ್ತಾರೆ. ಉಪ್ಪಿನಕಾಯಿ ಬಿಟ್ಟಿರುತ್ತಾರೆ, ಒಣಮೀನು ಬಿಟ್ಟಿರುತ್ತಾರೆ. ಆದರೂ ಮೇಲಿನ ಅಂಕೆ 160ರಿಂದ ಇಳಿಯುವುದಿಲ್ಲ. ಆಗ ಚೀಟಿಯಲ್ಲಿ ನಾಲ್ಕನೇ ಮಾತ್ರೆ ಕಾಣಿಸಿಕೊಳ್ಳುತ್ತದೆ.

ಆ ನಾಲ್ಕನೇ ಮಾತ್ರೆ ಬರೆಯುವ ಮೊದಲು ಒಂದು ಪ್ರಶ್ನೆ ಕೇಳುವ ರೂಢಿಯನ್ನು ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ತನ್ನಿ ಅಂತ ಕೇಳಿಕೊಳ್ಳಲು ಈ ಪತ್ರ. ರಾತ್ರಿ ಗೊರಕೆ ಹೊಡೆಯುತ್ತಾರಾ? ಗೊರಕೆಯ ನಡುವೆ ಉಸಿರು ನಿಂತು ಹೋಗುತ್ತದಾ? ಇದನ್ನು ಕೇಳಬೇಕಾದ್ದು ರೋಗಿಯನ್ನಲ್ಲ, ಅವರ ಪಕ್ಕದಲ್ಲಿ ಮಲಗುವವರನ್ನು.

ಯಾಕೆ ಅಂತ ಹೇಳುತ್ತೇನೆ. ಮೊನ್ನೆ ಅಕ್ಕ ಒಬ್ಬರು ಗಂಡನ ಮಾತ್ರೆ ಒಯ್ಯಲು ಬಂದಿದ್ದರು. ಪೇಟೆಯಿಂದ ಬಂಗಡೆ ತಗೊಂಡು ಬಂದಿದ್ದರಿಂದ ಚೀಲವನ್ನು ಕೌಂಟರಿಗೆ ತಾಗಿಸದೆ ದೂರ ಹಿಡಿದುಕೊಂಡೇ ನಿಂತಿದ್ದರು. ನಾನು ಗೊರಕೆಯ ಬಗ್ಗೆ ಕೇಳಿದೆ. ನಕ್ಕುಬಿಟ್ಟರು. "ಅದನ್ನ ಎಂತ ಕೇಳ್ತ್ರಿ, ಆಚೆ ಮನೆಗೂ ಕೇಳ್ತದೆ" ಅಂದರು. ನಡುವೆ ನಿಲ್ಲುತ್ತದಾ ಅಂತ ಕೇಳಿದೆ. ನಗು ಹೋಯಿತು. "ನಿಲ್ತದೆ. ಒಂದೊಂದ್ಸಲ ನಾನು ಎದ್ದು ಕೂತು ನೋಡ್ತೆ. ಎದೆ, ಹೊಟ್ಟೆ ಎಲ್ಲ ಏರಿಳಿತಾ ಇರ್ತದೆ, ಮೂಗಿನ ಹತ್ರ ಕೈ ಹಿಡಿದ್ರೆ ಗಾಳಿಯೇ ಇಲ್ಲ. ಆಮೇಲೆ ಗಕ್ ಅಂತ ಒಮ್ಮೆ ಎಳೀತ್ರು." ಡಾಕ್ಟರಿಗೆ ಇದನ್ನು ಹೇಳಿದ್ದೀರಾ ಅಂದರೆ ಅವರು ಹೇಳಿದ್ದು ಇದು: "ಡಾಕ್ಟರ ಹತ್ರ ಹೋಗೂದು ಅವ್ರು. ರಾತ್ರಿ ನೋಡೂದು ನಾನು."

ಆ ಅಕ್ಕ ಕಂಡದ್ದಕ್ಕಿಂತ ಚೆನ್ನಾಗಿ ಈ ಕಾಯಿಲೆಯನ್ನು ಪಠ್ಯಪುಸ್ತಕವೂ ವರ್ಣಿಸುವುದಿಲ್ಲ. ಎದೆ ಉಸಿರೆಳೆಯಲು ಒದ್ದಾಡುತ್ತಿದೆ, ಗಂಟಲು ಮುಚ್ಚಿಕೊಂಡಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಅಂದರೆ ಇದೇ. ನಿದ್ದೆ ಹತ್ತಿದಾಗ ಮೈಯ ಸ್ನಾಯುಗಳೆಲ್ಲ ಸಡಿಲ ಆಗುತ್ತವೆ, ಗಂಟಲಿನವೂ ಆಗುತ್ತವೆ. ಕುತ್ತಿಗೆ ದಪ್ಪ ಇದ್ದರೆ, ಕೆಳದವಡೆ ಚಿಕ್ಕದಿದ್ದರೆ, ಟಾನ್ಸಿಲ್ ದೊಡ್ಡದಿದ್ದರೆ ಅಲ್ಲಿ ಮೊದಲೇ ಜಾಗ ಕಮ್ಮಿ. ಎಳನೀರು ಹೀರುವಾಗ ಮೆತ್ತಗಾದ ಕಾಗದದ ಸ್ಟ್ರಾ ಒಳಗೊಳಗೇ ಅಂಟಿಕೊಳ್ಳುತ್ತದಲ್ಲ, ಹಾಗೆ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಹೀಗಾದರೆ ಅದನ್ನು ಒಂದು ಸಲ ಅಂತ ಲೆಕ್ಕ ಹಾಕುತ್ತಾರೆ. ಉಸಿರು ಪೂರ್ತಿ ನಿಲ್ಲದೆ ತೀರಾ ಕಮ್ಮಿಯಾದದ್ದೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ 5ರಿಂದ ಕಾಯಿಲೆಯ ಲೆಕ್ಕ ಶುರು, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಮೂವತ್ತು ಅಂದರೆ ಎರಡು ನಿಮಿಷಕ್ಕೊಮ್ಮೆ ಉಸಿರು ಕಟ್ಟಿದ ಹಾಗಾಯಿತು. ಬೆಳಿಗ್ಗೆ ಎದ್ದವರಿಗೆ ಇದರಲ್ಲಿ ಒಂದೂ ನೆನಪಿರುವುದಿಲ್ಲ.

ಇದು ನಿದ್ದೆಯ ತೊಂದರೆ, ಬಿಪಿಗೂ ಇದಕ್ಕೂ ಎಲ್ಲಿಯ ಸಂಬಂಧ ಅಂತ ತುಂಬಾ ಜನ ಕೇಳುತ್ತಾರೆ. ಸಂಬಂಧ ಇರುವುದು ರಕ್ತನಾಳದಲ್ಲಿ.

ಉಸಿರು ಕಟ್ಟಿದಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೈ ಅದನ್ನು ಪ್ರಾಣಾಪಾಯ ಅಂತಲೇ ತಿಳಿಯುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಅಪಾಯ ಬಂದಾಗ ಕೆಲಸ ಮಾಡುವ ನರಗಳು ಎದ್ದು ನಿಲ್ಲುತ್ತವೆ, ಕೈಕಾಲಿನ ರಕ್ತನಾಳಗಳು ಬಿಗಿಯುತ್ತವೆ. ಅರೆ ಎಚ್ಚರವಾಗಿ ಗಂಟಲು ತೆರೆದು ಉಸಿರು ನುಗ್ಗುತ್ತದೆ, ಹೃದಯ ಜೋರಾಗಿ ಹೊಡೆದುಕೊಳ್ಳುತ್ತದೆ. ಬಿಗಿದ ನಾಳಗಳಿಗೆ ರಕ್ತ ಒಮ್ಮೆಲೇ ನುಗ್ಗಿ ಬಿಪಿ ಜಿಗಿಯುತ್ತದೆ. ಅಮೆರಿಕದಲ್ಲಿ 1995ರಲ್ಲಿ ಈ ರೋಗಿಗಳ ನರಗಳನ್ನೂ ಬಿಪಿಯನ್ನೂ ರಾತ್ರಿಯಿಡೀ ಅಳೆದು ನೋಡಿದರು. ಎಚ್ಚರದಲ್ಲಿ 92ರ ಹತ್ತಿರ ಇದ್ದ ಸರಾಸರಿ ಒತ್ತಡ ಕನಸು ಬೀಳುವ ನಿದ್ದೆಯಲ್ಲಿ 127ರ ತನಕ ಏರುತ್ತಿತ್ತು. ಇಲ್ಲಿ ಸರಾಸರಿ ಅಂದರೆ ಮೇಲಿನ ಅಂಕೆಯಲ್ಲ. ಮೇಲಿನದಕ್ಕೂ ಕೆಳಗಿನದಕ್ಕೂ ನಡುವಿನ ಲೆಕ್ಕ. ಹಾಗಾಗಿ 127 ಅಂದರೆ ಬಹಳ ಜಾಸ್ತಿ.

ಆರೋಗ್ಯವಂತರಲ್ಲಿ ರಾತ್ರಿ ಬಿಪಿ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಇಳಿಯಬೇಕು. ಹಗಲಿಡೀ ಒತ್ತಡ ತಡೆದುಕೊಂಡ ನಾಳಗಳಿಗೆ ಸಿಗುವ ವಿರಾಮ ಅದೊಂದೇ. ಸ್ಲೀಪ್ ಆಪ್ನಿಯಾ ಇರುವ ತುಂಬಾ ಜನರಲ್ಲಿ ಆ ಇಳಿತ ಇಲ್ಲ. ಅಪಾಯದ ನರಗಳು ಬೆಳಗಾದ ಮೇಲೂ ಪೂರ್ತಿ ಸುಮ್ಮನಾಗುವುದಿಲ್ಲ. ಹಾಗಾಗಿ ರಾತ್ರಿಯ ಬಿಪಿ ನಿಧಾನಕ್ಕೆ ಹಗಲಿನ ಬಿಪಿಯೂ ಆಗುತ್ತದೆ. ನಾವು ಅಳೆಯುವುದು ಹಗಲಲ್ಲಿ, ಕುರ್ಚಿಯಲ್ಲಿ ಕೂರಿಸಿ. ರಾತ್ರಿಯ ಕಥೆ ನಮ್ಮ ಬಿಪಿ ಪುಸ್ತಕದಲ್ಲಿ ಬರುವುದೇ ಇಲ್ಲ.

ಇನ್ನು ನಾಳದ ಒಳಮೈ. ರಕ್ತನಾಳದ ಒಳಗೆ ಎಂಡೋಥೀಲಿಯಂ ಅಂತ ಒಂದು ಪದರ ಇದೆ. ಒಂದೇ ಒಂದು ಜೀವಕೋಶದಷ್ಟು ದಪ್ಪ. ಹಿಂದೆಲ್ಲ ಅದನ್ನು ಸುಮ್ನೆ ಒಂದು ಹೊದಿಕೆ ಅಂದುಕೊಂಡಿದ್ದರು. ಆ ಪದರವೇ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ತಯಾರಿಸಿ ನಾಳವನ್ನು ಸಡಿಲಿಸುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ, ಬಿಳಿ ರಕ್ತಕಣಗಳು ಗೋಡೆಗೆ ಅಂಟದ ಹಾಗೆ ನೋಡಿಕೊಳ್ಳುವುದೂ ಅದೇ. ನೈಟ್ರಿಕ್ ಆಕ್ಸೈಡಿನ ಈ ಕೆಲಸ ಕಂಡುಹಿಡಿದದ್ದಕ್ಕೆ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅನ್ನುವ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಎಲ್ಲರಿಗೂ ಗೊತ್ತಲ್ವಾ? ಅದು ನಾಳ ಸಡಿಲಿಸುವುದೂ ಇದೇ ನೈಟ್ರಿಕ್ ಆಕ್ಸೈಡ್ ಒದಗಿಸಿ. ಅಂದರೆ ನಾನು ಸ್ಟ್ರಿಪ್ಪಿನಲ್ಲಿ ಮಾರುವ ಕೆಲಸವನ್ನು ಆರೋಗ್ಯವಾಗಿರುವ ನಾಳ ಪುಕ್ಕಟೆಯಾಗಿ ಮಾಡಿಕೊಳ್ಳುತ್ತಿರುತ್ತದೆ.

ಸ್ಲೀಪ್ ಆಪ್ನಿಯಾ ಕೈ ಹಾಕುವುದು ಅಲ್ಲಿಗೇ. ಆಮ್ಲಜನಕ ಇಳಿಯುವುದು ಒಂದು ಕೆಡುಕು. ಇಳಿದದ್ದು ಒಮ್ಮೆಲೇ ಏರಿ, ಮತ್ತೆ ಇಳಿದು, ಮತ್ತೆ ಏರುವುದು ಇನ್ನೊಂದು ಕೆಡುಕು. ಈ ಏರಿಳಿತದಲ್ಲಿ ಫ್ರೀ ರ‍್ಯಾಡಿಕಲ್‌ಗಳು, ಅಂದರೆ ಸಿಕ್ಕಿದ್ದನ್ನು ಕೆಡಿಸುವ ಚಂಚಲ ಕಣಗಳು, ಹುಟ್ಟುತ್ತವೆ. ಅವು ನೈಟ್ರಿಕ್ ಆಕ್ಸೈಡನ್ನು ಹುಟ್ಟಿದಲ್ಲೇ ತಿಂದು ಹಾಕುತ್ತವೆ. ಉರಿಯೂತ ಶುರುವಾಗುತ್ತದೆ. ನಾಳಕ್ಕೆ ಸಡಿಲಿಸಿಕೊಳ್ಳಲು ಬರುವುದಿಲ್ಲ, ಬಿಗಿಯಲು ಮಾತ್ರ ಬರುತ್ತದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ರೋಗಿಗಳ ಮುಂಗೈ ರಕ್ತನಾಳದಿಂದ ಈ ಪದರದ ಕೋಶಗಳನ್ನೇ ತೆಗೆದು ನೋಡಿದರು. 2008ರಲ್ಲಿ ಅದು ಪ್ರಕಟವಾಯಿತು. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಕಮ್ಮಿಯಾಗಿತ್ತು, ಉರಿಯೂತದ ಗುರುತುಗಳು ಜಾಸ್ತಿಯಾಗಿದ್ದವು. ಚಿಕಿತ್ಸೆ ಸರಿಯಾಗಿ ತಗೊಂಡವರಲ್ಲಿ ನಾಲ್ಕೇ ವಾರಕ್ಕೆ ಎರಡೂ ಸುಧಾರಿಸಿದವು. ಮಾತ್ರೆ ಮಾರುವವನಾಗಿ ನನಗೆ ತುಂಬಾ ಹಿಡಿಸಿದ ಸಂಗತಿ ಇದು. ಕೆಟ್ಟದ್ದು ಸರಿಯಾಗುವ ಕಾಲ ಇನ್ನೂ ಇರುತ್ತದೆ, ಆದರೆ ಗೋಡೆ ದಪ್ಪಗಾಗಿ ಗಟ್ಟಿಯಾಗುವ ಮೊದಲು ಹಿಡಿಯಬೇಕು.

ಇನ್ನೊಂದು ಏಟು ಎದೆಯ ಒಳಗಿನದು. ಮುಚ್ಚಿದ ಗಂಟಲಿನ ಎದುರು ಎದೆ ಗಾಳಿ ಎಳೆಯುವಾಗ ಒಳಗೆ ಹೀರುವ ಒತ್ತಡ ಹುಟ್ಟುತ್ತದೆ. ಆ ಸೆಳೆತ ಹೃದಯದ ಗೋಡೆಗೂ ಮಹಾಪಧಮನಿಯ ಗೋಡೆಗೂ ಬೀಳುತ್ತದೆ. ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ಹೃದಯಕ್ಕೆ ರಕ್ತ ಜಾಸ್ತಿ ಬಂದಿದೆ ಅಂತ ಮೈ ತಪ್ಪು ತಿಳಿದು, ನೀರು ಹೊರಗೆ ಹಾಕುವ ಹಾರ್ಮೋನು ಬಿಡುತ್ತದೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ಐವತ್ತು ದಾಟಿದ ಗಂಡಸು ರಾತ್ರಿ ಎದ್ದರೆ ಶುಗರ್ ನೋಡುತ್ತಾರೆ, ಪ್ರಾಸ್ಟೇಟ್ ನೋಡುತ್ತಾರೆ. ಎರಡೂ ಸರಿ ಇದ್ದರೆ "ವಯಸ್ಸಾಯ್ತಲ್ಲ" ಅಂತ ಬಿಡುತ್ತಾರೆ.

ಮಾತ್ರೆಗೆ ಬಗ್ಗದ ಬಿಪಿಯ ಮಾತಿಗೆ ಬರುತ್ತೇನೆ. ಟೊರಾಂಟೊದ ವೈದ್ಯರು 2001ರಲ್ಲಿ ಮೂರು ಅಥವಾ ಹೆಚ್ಚು ಮಾತ್ರೆ ನುಂಗಿದರೂ ಬಿಪಿ ಇಳಿಯದ 41 ಜನರ ನಿದ್ದೆ ಪರೀಕ್ಷೆ ಮಾಡಿದರು. ಅವರಲ್ಲಿ 83 ಪರ್ಸೆಂಟ್ ಜನರಿಗೆ ಸ್ಲೀಪ್ ಆಪ್ನಿಯಾ ಇತ್ತು. ಚಿಕ್ಕ ಗುಂಪು, ಆಕಸ್ಮಿಕ ಇರಬಹುದು ಅನ್ನಬಹುದು. ಆದರೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 2011ರಲ್ಲಿ ಇಂಥದ್ದೇ 125 ಜನರಲ್ಲಿ ಬಿಪಿಗೆ ಬೇರೆ ಕಾರಣ ಏನಾದರೂ ಇದೆಯಾ ಅಂತ ಹುಡುಕಿದಾಗಲೂ ಎಲ್ಲಕ್ಕಿಂತ ಮುಂದೆ ನಿಂತದ್ದು ಇದೇ, 64 ಪರ್ಸೆಂಟ್. ಕಿಡ್ನಿ ರಕ್ತನಾಳದ ತೊಂದರೆ, ಹಾರ್ಮೋನಿನ ತೊಂದರೆ ಎಲ್ಲ ಬಹಳ ಹಿಂದೆ ಇದ್ದವು. ಆದರೂ ನಮ್ಮ ಕಡೆ ಬಿಪಿ ಇಳಿಯದವರಿಗೆ ಕಿಡ್ನಿ ಸ್ಕ್ಯಾನ್ ಆಗಿರುತ್ತದೆ, ಥೈರಾಯ್ಡ್ ಆಗಿರುತ್ತದೆ. ಗೊರಕೆ ಮಾತ್ರ ಯಾರೂ ಕೇಳಿರುವುದಿಲ್ಲ. ಕೇಳಲು ದುಡ್ಡೂ ಬೇಡ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸರ್ಕಾರಿ ನೌಕರರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನ ಇದೆ. ಅದರ 2000ದ ವರದಿಯ ಪ್ರಕಾರ, ಗಂಟೆಗೆ 15 ಅಥವಾ ಹೆಚ್ಚು ಸಲ ಉಸಿರು ಕಟ್ಟುತ್ತಿದ್ದವರಿಗೆ ನಾಲ್ಕು ವರ್ಷದ ಹೊತ್ತಿಗೆ ಬಿಪಿ ಬಂದಿರುವ ಸಾಧ್ಯತೆ ಏನೂ ಇಲ್ಲದವರಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು. ವಯಸ್ಸು, ತೂಕ, ಸಿಗರೇಟು, ಕುಡಿತ ಎಲ್ಲ ಲೆಕ್ಕಕ್ಕೆ ತಗೊಂಡ ಮೇಲೂ.

ಬಿಪಿಯೊಂದೇ ಅಲ್ಲ. ಪಾರ್ಶ್ವವಾಯು, ಹೃದಯದ ಬಡಿತ ತಾಳ ತಪ್ಪುವುದು, ಕುತ್ತಿಗೆಯ ನಾಳದ ಗೋಡೆ ದಪ್ಪಗಾಗುವುದು, ಇವೆಲ್ಲ ಈ ರೋಗಿಗಳಲ್ಲಿ ಜಾಸ್ತಿ. ಒಂದು ಸಂಗತಿ ಮಾತ್ರ ನನ್ನನ್ನು ಬಿಡುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2005ರಲ್ಲಿ, ಹೃದಯ ನಿಂತು ಹಠಾತ್ತನೆ ತೀರಿಕೊಂಡ 112 ಜನರ ದಾಖಲೆ ನೋಡಿದರು. ಎಲ್ಲರಿಗೂ ಬದುಕಿದ್ದಾಗ ನಿದ್ದೆ ಪರೀಕ್ಷೆ ಆಗಿತ್ತು. ಸಾಮಾನ್ಯವಾಗಿ ಹಾಗೆ ಸಾಯುವವರು ಬೆಳಿಗ್ಗೆ ಎದ್ದ ಮೇಲಿನ ಹೊತ್ತಿನಲ್ಲಿ ಜಾಸ್ತಿ. ಸ್ಲೀಪ್ ಆಪ್ನಿಯಾ ಇದ್ದವರಲ್ಲಿ 46 ಪರ್ಸೆಂಟ್ ಜನ ಹೋದದ್ದು ಮಧ್ಯರಾತ್ರಿಯಿಂದ ಬೆಳಗಿನ ಆರರ ಒಳಗೆ. ಅದು ಇಲ್ಲದವರಲ್ಲಿ ಆ ಹೊತ್ತಿಗೆ ಹೋದವರು 21 ಪರ್ಸೆಂಟ್.

ನಮ್ಮ ಕಡೆ ಯಾರಾದರೂ ರಾತ್ರಿ ಮಲಗಿದಲ್ಲೇ ಹೋದರೆ "ಪುಣ್ಯವಂತ, ನಿದ್ದೆಯಲ್ಲೇ ಹೋದ" ಅನ್ನುತ್ತೇವೆ. ತೊಂಬತ್ತರ ಅಜ್ಜನಿಗೆ ಸರಿ. ಐವತ್ತೆರಡರ ದೋಣಿ ಮಾಲೀಕನಿಗೆ, ನಲವತ್ತೆಂಟರ ಮಾಸ್ತರಿಗೆ ಆ ಮಾತು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಅವರು ಬರೀ ನಿದ್ದೆ ಮಾಡುತ್ತಿದ್ದರಾ ಅಥವಾ ಉಸಿರಿಗಾಗಿ ಒದ್ದಾಡುತ್ತಿದ್ದರಾ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಯಕ್ಕೆ ಹೋದಾಗ ಮಾತ್ರ ಮನೆಯವರ ಬಾಯಲ್ಲಿ ಬರುತ್ತದೆ: ಭಯಂಕರ ಗೊರಕೆ ಹೊಡೀತಿದ್ರು.

ಗೊರಕೆ ಹೊಡೆಯುವವರೆಲ್ಲರಿಗೂ ಈ ಕಾಯಿಲೆ ಇದೆ ಅಂತ ನಾನು ಹೇಳುತ್ತಿಲ್ಲ. ಹಾಗಿದ್ದರೆ ರಾತ್ರಿ ಬೆಂಗಳೂರಿಗೆ ಹೋಗುವ ಸ್ಲೀಪರ್ ಬಸ್ಸಿನಲ್ಲಿ ಅರ್ಧ ಜನ ರೋಗಿಗಳಾಗಬೇಕಿತ್ತು. ಒಂದೇ ಸಮ ಹೊಡೆಯುವ ಗೊರಕೆ ಬೇರೆ, ಏರಿ ಏರಿ ಹಠಾತ್ತನೆ ನಿಂತು ಗಕ್ ಅಂತ ಮತ್ತೆ ಶುರುವಾಗುವ ಗೊರಕೆ ಬೇರೆ. ಜೊತೆಗೆ ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಎಂಟು ಗಂಟೆ ಮಲಗಿದರೂ ತೀರದ ಸುಸ್ತು, ಊಟ ಆದ ಕೂಡಲೇ ಕೂತಲ್ಲೇ ತೂಕಡಿಕೆ. ದಪ್ಪ ಇದ್ದವರಿಗೇ ಬರುವುದು ಅನ್ನುವುದೂ ಅರ್ಧ ಸತ್ಯ. ತೂಕ ದೊಡ್ಡ ಕಾರಣ, ಹೌದು. ಆದರೆ ನಮ್ಮ ಏಷ್ಯಾದವರ ದವಡೆಯ ರಚನೆಯಿಂದ ಅಷ್ಟೇನೂ ದಪ್ಪ ಇಲ್ಲದವರಿಗೂ ಬರುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಜಾಸ್ತಿ. ಅವರು ಗೊರಕೆ ಅಂತ ಹೇಳಿಕೊಂಡು ಬರುವುದಿಲ್ಲ, ಸುಸ್ತು ಅಂತಲೋ ನಿದ್ದೆ ಬರುವುದಿಲ್ಲ ಅಂತಲೋ ಬರುತ್ತಾರೆ. ಅವರಿಗೆ ಕಬ್ಬಿಣದ ಮಾತ್ರೆ ಬರೆದು ಕಳಿಸುತ್ತಾರೆ.

ಇಲ್ಲಿ ನನ್ನ ಕಸುಬಿನವರ ಬಗ್ಗೆಯೂ ಒಂದು ಮಾತು. "ರಾತ್ರಿ ಎಚ್ಚರ ಆಗ್ತದೆ, ಒಂದು ನಿದ್ದೆ ಮಾತ್ರೆ ಕೊಡಿ" ಅಂತ ಕೇಳಿಕೊಂಡು ಬರುವವರು ದಿನಾ ಇರುತ್ತಾರೆ. ಆಲ್ಪ್ರಜೋಲಾಮ್‌ನಂಥ ಮಾತ್ರೆಯನ್ನು ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಮಾರಿದ್ದನ್ನು ಎಚ್1 ಅನ್ನುವ ಬೇರೆ ರಿಜಿಸ್ಟರಿನಲ್ಲಿ ಬರೆಯಬೇಕು. ಕಾನೂನು ಹಾಗಿರಲಿ. ಉಸಿರು ಕಟ್ಟಿ ಎಚ್ಚರ ಆಗುವವರಿಗೆ ಎಚ್ಚರವೇ ಆಗದ ಹಾಗೆ ಮಾಡುವ ಮಾತ್ರೆ ಕೊಟ್ಟರೆ ಎಂತ ಆಗಬಹುದು? ಗಂಟಲು ಇನ್ನೂ ಸಡಿಲ, ಎಚ್ಚರ ಇನ್ನೂ ತಡ. ರಾತ್ರಿಯ ಕ್ವಾರ್ಟರೂ ಮಾಡುವುದು ಇದನ್ನೇ. ಆನ್‌ಲೈನಿನಲ್ಲಿ ಬರುವ ಮೂಗಿನ ಕ್ಲಿಪ್ಪು, ಗೊರಕೆ ನಿಲ್ಲಿಸುವ ಉಂಗುರ ಇವುಗಳ ಬಗ್ಗೆ ಹೇಳಲು ಹೋಗುವುದಿಲ್ಲ, ದುಡ್ಡು ದಂಡ.

ಚಿಕಿತ್ಸೆ ಇದೆಯಾ? ಇದೆ. ಸಿಡ್ನಿಯ ಕಾಲಿನ್ ಸಲಿವನ್ ಅನ್ನುವ ವೈದ್ಯರು 1981ರಲ್ಲೇ ದಾರಿ ತೋರಿಸಿದ್ದಾರೆ. ಮೂಗಿಗೆ ಮಾಸ್ಕ್ ಹಾಕಿ, ಸಣ್ಣ ಯಂತ್ರದಿಂದ ಒತ್ತಡದ ಗಾಳಿ ಬಿಟ್ಟರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಸಿಪ್ಯಾಪ್ ಅಂತ ಹೆಸರು. ಸ್ಪೇನಿನಲ್ಲಿ ಮಾತ್ರೆಗೆ ಬಗ್ಗದ ಬಿಪಿ ಇದ್ದ 194 ಜನರಲ್ಲಿ ಇದನ್ನು ನೋಡಿದರು, 2013ರಲ್ಲಿ ವರದಿ ಬಂತು. ಹನ್ನೆರಡು ವಾರಕ್ಕೆ 24 ಗಂಟೆಯ ಸರಾಸರಿ ಒತ್ತಡ 3 ಅಂಕದಷ್ಟು ಇಳಿಯಿತು. ರಾತ್ರಿ ಬಿಪಿ ಇಳಿಯುವ ಸಹಜ ರೀತಿ ಜಾಸ್ತಿ ಜನರಲ್ಲಿ ಮರಳಿತು. ಮೂರು ಅಂಕ ಎಂತ ಮಹಾ ಅನಿಸಬಹುದು. ಆದರೆ ಇದು ಮೂರು ಮಾತ್ರೆಗೂ ಜಗ್ಗದವರಲ್ಲಿ ಇಳಿದದ್ದು, ಅದೂ ರಾತ್ರಿಯೂ ಸೇರಿ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ನಿಮ್ಮ ವೈದ್ಯರೇ ಹೇಳುತ್ತಾರೆ. 2016ರಲ್ಲಿ ಸೇವ್ ಅನ್ನುವ ದೊಡ್ಡ ಅಧ್ಯಯನದ ವರದಿ ಬಂತು. ಮೊದಲೇ ಹೃದಯದ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಇದ್ದ 2717 ಜನ. ಸಿಪ್ಯಾಪ್ ಕೊಟ್ಟವರಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಕಮ್ಮಿ ಆಗಲಿಲ್ಲ. ಗೊರಕೆ, ಹಗಲಿನ ತೂಕಡಿಕೆ ಕಮ್ಮಿಯಾಯಿತು, ಮನಸ್ಸು ಹಗುರಾಯಿತು, ಅಷ್ಟೇ. ಆದರೆ ಅವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ. ವಿಪರೀತ ತೂಕಡಿಕೆ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೂ ಇರಲಿಲ್ಲ. ನನಗೆ ಇದರಿಂದ ತಿಳಿದದ್ದು ಇಷ್ಟು: ನಾಳ ಹಾಳಾದ ಮೇಲೆ ಅರ್ಧ ರಾತ್ರಿ ಯಂತ್ರ ಹಾಕಿ ಹೃದಯ ಉಳಿಯಲಿ ಅಂದರೆ ಆಗದು. ಬೇಗ ಹಿಡಿಯಬೇಕು, ಪೂರ್ತಿ ರಾತ್ರಿ ಹಾಕಬೇಕು. ಬಿಪಿ ಮಾತ್ರೆಯನ್ನಂತೂ ಬಿಡಲೇಬಾರದು. ಈ ಪತ್ರ ಓದಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ನಾನು ಬರೆದದ್ದೇ ದಂಡ.

ಯಂತ್ರವೊಂದೇ ದಾರಿಯೂ ಅಲ್ಲ. ತೂಕ ಹತ್ತು ಪರ್ಸೆಂಟ್ ಇಳಿಸಿದರೆ ಉಸಿರು ಕಟ್ಟುವುದು ಕಾಲು ಭಾಗದಷ್ಟು ಕಮ್ಮಿಯಾಗುತ್ತದೆ ಅಂತ ವಿಸ್ಕಾನ್ಸಿನ್‌ನವರೇ ಲೆಕ್ಕ ಕೊಟ್ಟಿದ್ದಾರೆ. ಮಗ್ಗುಲಾಗಿ ಮಲಗುವುದರಿಂದ ಕೆಲವರಿಗೆ ಅನುಕೂಲ. ದಂತವೈದ್ಯರು ಕೆಳದವಡೆ ಮುಂದೆ ಬರುವ ಹಾಗೆ ಸಾಧನ ಮಾಡಿಕೊಡುತ್ತಾರೆ. ಉಪ್ಪು ಕಮ್ಮಿ ಮಾಡಿದರೂ ಉಪಯೋಗ ಇದೆ, ಯಾಕೆಂದರೆ ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ಹಗಲಲ್ಲಿ ಕಾಲಿಗೆ ಇಳಿದ ನೀರು ಮಲಗಿದಾಗ ಕುತ್ತಿಗೆಯ ಕಡೆ ಸರಿದು ಗಂಟಲು ಕಿರಿದಾಗಿಸುತ್ತದೆ. ಈಗ ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್ ಕೇಳಿಕೊಂಡು ಬರುವವರೂ ಇದ್ದಾರೆ. ಬೊಜ್ಜಿನ ಜೊತೆ ಸ್ಲೀಪ್ ಆಪ್ನಿಯಾ ಇದ್ದವರಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಬೆಲೆ ಕೇಳಿದ ಮೇಲೆ ನಮ್ಮಲ್ಲಿ ಹೆಚ್ಚಿನವರು ನಡೆಯಲು ಹೋಗುವುದೇ ವಾಸಿ ಅಂತಾರೆ. ಅದೂ ಒಳ್ಳೆಯದೇ.

ಈಗ ನಿಮ್ಮ ಕೈಯಲ್ಲಿರುವುದನ್ನು ಕೇಳುತ್ತೇನೆ.

ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಗೃಹ ಆರೋಗ್ಯ ಯೋಜನೆ ಬಂದ ಮೇಲೆ ಇನ್ನೂ ಜಾಸ್ತಿ. ಒಳ್ಳೆಯ ಕೆಲಸ. ಫಾರಂನಲ್ಲಿ ಗೊರಕೆಯ ಕಾಲಂ ಇದೆಯೋ ಇಲ್ಲವೋ ಅನ್ನುವುದು ದೊಡ್ಡದಲ್ಲ. ಬಾಯಿಬಿಟ್ಟು ಕೇಳಬೇಕು, ಮನೆಯ ಹೆಂಗಸರ ಹತ್ತಿರ ಕೇಳಬೇಕು. ಆಶಾ ಅಕ್ಕನ ಹತ್ತಿರ ಅವರು ಹೇಳುವಷ್ಟು ಡಾಕ್ಟರ ಹತ್ತಿರವೂ ಹೇಳುವುದಿಲ್ಲ. ಟೊರಾಂಟೊದಲ್ಲೇ ಮಾಡಿದ ಸ್ಟಾಪ್-ಬ್ಯಾಂಗ್ ಅನ್ನುವ ಎಂಟು ಪ್ರಶ್ನೆಗಳ ಪಟ್ಟಿ 2008ರಿಂದ ಬಳಕೆಯಲ್ಲಿದೆ. ಜೋರು ಗೊರಕೆ, ಹಗಲಿನ ಸುಸ್ತು, ಉಸಿರು ನಿಂತದ್ದನ್ನು ಬೇರೆಯವರು ನೋಡಿದ್ದು, ಬಿಪಿ, ಬೊಜ್ಜು, 50 ದಾಟಿದ ವಯಸ್ಸು, 40 ಸೆಂಟಿಮೀಟರ್ ಮೀರಿದ ಕುತ್ತಿಗೆ, ಗಂಡಸು ಹೌದೋ ಅಲ್ಲವೋ. ಮೂರಕ್ಕೆ ಹೌದು ಅಂದರೆ ಗಮನ ಕೊಡಬೇಕು, ಐದು ಅಥವಾ ಹೆಚ್ಚಾದರೆ ಪರೀಕ್ಷೆಗೆ ಕಳಿಸಬೇಕು. ಇದಕ್ಕೆ ಬೇಕಾದದ್ದು ಟೈಲರನ ಟೇಪು ಮತ್ತು ಎರಡು ನಿಮಿಷ.

ಕಳಿಸುವುದು ಎಲ್ಲಿಗೆ ಅನ್ನುವುದೇ ನಮ್ಮ ಜಿಲ್ಲೆಯ ಹಳೇ ಪ್ರಶ್ನೆ. ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯಿಡೀ ಎದ್ದ ಕೂಗು ನೀವೂ ಕೇಳಿದ್ದೀರಿ. ಕರಾವಳಿಯವರು ಮಣಿಪಾಲ, ಮಂಗಳೂರು ಅಂತಾರೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿ ಅಂತಾರೆ. ಕಾರವಾರದವರು ಗೋವಾ ಅಂತಾರೆ. ಹಾರ್ಟ್ ಅಟ್ಯಾಕ್ ಆದರೆ ಸಾಲ ಮಾಡಿಯಾದರೂ ಹೋಗುತ್ತಾರೆ. ಗೊರಕೆಗೆ ಅಂತ ಒಂದು ರಾತ್ರಿ ಮಣಿಪಾಲದಲ್ಲಿ ಯಾರೂ ಮಲಗಿ ಬರುವುದಿಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ನಾವು ಕುಮಟಾದವರು ನಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ಸುತ್ತು ಬಳಸಬೇಕಾಯಿತು.

ಆದರೆ ಈ ಪರೀಕ್ಷೆಗೆ ದೊಡ್ಡ ಆಸ್ಪತ್ರೆಯ ಕಟ್ಟಡ ಬೇಕಾಗಿಲ್ಲ. ಮನೆಯಲ್ಲೇ ಮಲಗಿ ಮಾಡುವ ನಿದ್ದೆ ಪರೀಕ್ಷೆಯ ಕಿಟ್ ಇದೆ. ಮೂಗಿಗೊಂದು ಸಣ್ಣ ಕೊಳವೆ, ಎದೆಗೊಂದು ಪಟ್ಟಿ, ಬೆರಳಿಗೊಂದು ಕ್ಲಿಪ್ಪು. ಕೋವಿಡ್ ಕಾಲದಲ್ಲಿ ಬೆರಳ ಕ್ಲಿಪ್ಪು ಎಲ್ಲರೂ ನೋಡಿದ್ದಾರೆ, ಹೆದರುವುದಿಲ್ಲ. ಸಂಜೆ ತಾಲೂಕು ಆಸ್ಪತ್ರೆಯಲ್ಲಿ ನರ್ಸ್ ತೋರಿಸಿಕೊಟ್ಟರೆ ಬೆಳಿಗ್ಗೆ ವಾಪಸ್ ತಂದು ಕೊಡುತ್ತಾರೆ. ವರದಿಯನ್ನು ಕಾರವಾರದ ಮೆಡಿಕಲ್ ಕಾಲೇಜಿನ ತಜ್ಞರು ಕೂತಲ್ಲೇ ಓದಬಹುದು. ಹನ್ನೆರಡು ತಾಲೂಕಿಗೆ ತಲಾ ಒಂದು ಕಿಟ್ ಬಂದರೂ ದೊಡ್ಡ ಬದಲಾವಣೆ ಆಗುತ್ತದೆ. ಮೊದಲು ಮೂರು ಮಾತ್ರೆಗೂ ಬಿಪಿ ಇಳಿಯದವರಿಗೆ ಮಾತ್ರ ಮಾಡಿ. ಅವರ ಪಟ್ಟಿ ಬಿಪಿ, ಶುಗರ್‌ನಂಥ ಅಂಟದ ಕಾಯಿಲೆ ನೋಡುವ ನಿಮ್ಮ ಎನ್‌ಸಿಡಿ ಕ್ಲಿನಿಕ್ಕುಗಳಲ್ಲೇ ಇದೆ. ಜೊತೆಗೆ 24 ಗಂಟೆಯ ಬಿಪಿ ಅಳೆಯುವ ಯಂತ್ರ ಒಂದೆರಡು ಇದ್ದರೆ ರಾತ್ರಿ ಬಿಪಿ ಇಳಿಯುತ್ತದೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ.

ಸಿಪ್ಯಾಪ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ತಗೊಂಡು ಒಗ್ಗದೆ ಅಟ್ಟಕ್ಕೆ ಹಾಕಿದವರೂ ಇದ್ದಾರೆ. ಅದಕ್ಕೇ ಮೊದಲ ಎರಡು ತಿಂಗಳು ಎರವಲು ಕೊಡುವ ವ್ಯವಸ್ಥೆ ಬೇಕು. ಆಮ್ಲಜನಕದ ಕಾನ್ಸನ್‌ಟ್ರೇಟರುಗಳನ್ನು ಕೋವಿಡ್ ಹೊತ್ತಿನಲ್ಲಿ ಹಾಗೆ ಕೊಟ್ಟ ಅನುಭವ ನಮಗೆ ಇದೆ. ಮಾಸ್ಕ್ ಸರಿ ಕೂರುತ್ತದಾ, ಗಾಳಿ ಸೋರುತ್ತದಾ ಅಂತ ಮೊದಲ ವಾರ ಯಾರಾದರೂ ಫೋನ್ ಮಾಡಿ ಕೇಳಬೇಕು. ಯಂತ್ರ ಅಟ್ಟಕ್ಕೆ ಹೋಗುವುದು ಆ ವಾರದಲ್ಲೇ. ಕೈಗಾ ಸ್ಥಾವರದವರು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಸಿಎಸ್‌ಆರ್ ದುಡ್ಡನ್ನು ಇಂಥದ್ದಕ್ಕೆ ಕೇಳಲು ಜಿಲ್ಲಾಡಳಿತಕ್ಕೆ ಕಷ್ಟ ಆಗಲಾರದು.

ಇನ್ನು ಕರೆಂಟು. ಸಿಪ್ಯಾಪ್ ನಡೆಯುವುದು ಕರೆಂಟಿನಲ್ಲಿ. ಜೂನ್, ಜುಲೈ ತಿಂಗಳಲ್ಲಿ ಸಿದ್ದಾಪುರ, ಜೊಯಿಡಾ ಕಡೆಯ ಹಳ್ಳಿಗಳಲ್ಲಿ ಮರ ಬಿದ್ದರೆ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಬೆಂಗಳೂರಿನ ಡಾಕ್ಟರಿಗೆ ಇದು ಹೊಳೆಯುವುದಿಲ್ಲ, ನಿಮಗೆ ಹೊಳೆಯುತ್ತದೆ. ಎರವಲು ಕೊಡುವ ಯಂತ್ರದ ಜೊತೆ ಬ್ಯಾಟರಿಯೂ ಇರಲಿ. ಬ್ಯಾಟರಿ ಮುಗಿದ ರಾತ್ರಿ ತಲೆ ಎತ್ತರಿಸಿ ಮಗ್ಗುಲಾಗಿ ಮಲಗಿ, ಆವತ್ತು ಮುಟ್ಟಬೇಡಿ ಅಂತ ಕುಡಿಯುವವರಿಗೆ ಹೇಳಿ ಕಳಿಸಿ.

ಶಿರಸಿ ವಿಭಾಗದ ಬಸ್ ಚಾಲಕರಿಗೆ ಆರೋಗ್ಯ ತಪಾಸಣೆ ಶಿಬಿರ ಮಾಡುವಾಗ ಈ ಎಂಟು ಪ್ರಶ್ನೆ ಸೇರಿಸಿ. ದೇವಿಮನೆ ಘಾಟಿಯಲ್ಲಿ ರಾತ್ರಿ ಇಳಿಯುವ ಬಸ್ಸಿನಲ್ಲಿ ಕೂತವರಿಗೆ ಕಾರಣ ವಿವರಿಸಬೇಕಾಗಿಲ್ಲ. ಆದರೆ ಹೌದು ಅಂದ ಚಾಲಕನ ಕೆಲಸಕ್ಕೆ ಕುತ್ತು ಬರುವ ಹಾಗಿದ್ದರೆ ಯಾರೂ ನಿಜ ಹೇಳುವುದಿಲ್ಲ. ಚಿಕಿತ್ಸೆ ತಗೊಂಡರೆ ಕೆಲಸ ಉಳಿಯುತ್ತದೆ ಅನ್ನುವ ಭರವಸೆ ಮೊದಲು ಕೊಡಿ.

ಆ ಎಂಟು ಪ್ರಶ್ನೆಗಳನ್ನು ಕನ್ನಡದಲ್ಲೂ ಕೊಂಕಣಿಯಲ್ಲೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಕಳಿಸಿಕೊಡಿ. ನನ್ನ ಅಂಗಡಿಯಲ್ಲಿ ಬಿಪಿ ಯಂತ್ರದ ಮೇಲಿನ ಗೋಡೆ ಖಾಲಿ ಇದೆ, ಕ್ಯಾಲೆಂಡರ್ ತೆಗೆದರೆ ಇನ್ನೂ ಜಾಗ ಆಗುತ್ತದೆ. ತಾಲೂಕಿನ ಬೇರೆ ಔಷಧಿ ಅಂಗಡಿಯವರ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ. ಐದು ಅಥವಾ ಹೆಚ್ಚು ಹೌದು ಬಂದವರನ್ನು ಯಾವ ವಾರ, ಯಾವ ಡಾಕ್ಟರ ಹತ್ತಿರ ಕಳಿಸಬೇಕು ಅನ್ನುವುದನ್ನು ಆ ಹಾಳೆಯ ಕೆಳಗೆ ನಿಮ್ಮ ಕಚೇರಿ ಬರೆದು ಕೊಟ್ಟರೆ ಸಾಕು.

ಇತಿ,
ಕುಮಟಾದ ಒಬ್ಬ ಔಷಧಿ ಅಂಗಡಿಯವ